ತಳದ ಮುದ್ರೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು? ಹಳೆಯ ಪಿಂಗಾಣಿ ಸಂಗ್ರಾಹಕರಲ್ಲೊಂದು ಪ್ರಶ್ನೆ

ನೀಲಿಬಟ್ಟಲು:
ಎಲ್ಲರಿಗೂ ನಮಸ್ಕಾರ. ಹಳೆಯ ಪಿಂಗಾಣಿಯ ಬಗ್ಗೆ ನಾನು ತಿಳಿದುಕೊಂಡದ್ದೆಲ್ಲ ಹೆಚ್ಚಾಗಿ ಪುಸ್ತಕಗಳಿಂದ; ಕೈಯಲ್ಲಿ ಹಿಡಿದು ನೋಡಿದ ಅನುಭವ ಕಡಿಮೆ. ಈಗ ಮಾರಾಟಕ್ಕಿರುವ ಒಂದು ಚಿಕ್ಕ ಬಟ್ಟಲಿನ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಾಗಿದೆ. ಅದರ ತಳದಲ್ಲಿ ನೀಲಿ ಬಣ್ಣದ ಆರು ಚೀನೀ ಅಕ್ಷರಗಳಿವೆ. ಮಿಂಗ್ ವಂಶದ ಚೆಂಗ್‌ಹುವಾ ಚಕ್ರವರ್ತಿಯ ಆಳ್ವಿಕೆಯಲ್ಲಿ, ಅಂದರೆ 1465ರಿಂದ 1487ರ ನಡುವೆ, ತಯಾರಾದದ್ದೆಂದು ಆ ಅಕ್ಷರಗಳು ಹೇಳುತ್ತವೆ. ಮಾರುವವರೂ ಅದನ್ನೇ ಒತ್ತಿ ಹೇಳುತ್ತಿದ್ದಾರೆ. ಹೊರಮೈಯಲ್ಲಿ ಗುಲಾಬಿ ಮತ್ತು ಹಸಿರು ಬಣ್ಣಗಳ ಹೂಬಳ್ಳಿಯಿದೆ, ಬಾಯಿಯ ಅಂಚಿನಲ್ಲಿ ಸವೆದುಹೋದ ಚಿನ್ನದ ಗೆರೆಯಿದೆ. ಮುದ್ರೆ ಪುಸ್ತಕದಲ್ಲಿರುವ ಚಿತ್ರಕ್ಕೆ ಹೊಂದುತ್ತದೆ. ಹಾಗಿದ್ದರೂ ಮನಸ್ಸು ಪೂರ್ತಿಯಾಗಿ ಒಪ್ಪುತ್ತಿಲ್ಲ. ತಳದ ಮುದ್ರೆಯೊಂದನ್ನೇ ಹಿಡಿದು ಕಾಲವನ್ನು ನಿರ್ಧರಿಸಬಹುದೇ? ಇಲ್ಲವಾದರೆ ಮೊದಲು ಏನನ್ನು ನೋಡಬೇಕು?

ಜೇಡಿಮಣ್ಣು:
ಗುಲಾಬಿ ಬಣ್ಣವಿದೆ ಎಂದು ನೀವೇ ಬರೆದಿದ್ದೀರಿ. ಹದಿನೈದನೆಯ ಶತಮಾನದ ಮಾತು ಅಲ್ಲಿಗೇ ಮುಗಿಯಿತು.

ಆವೆಬೆಂಕಿ:
ಜೇಡಿಮಣ್ಣು ಅವರ ಮಾತು ಸರಿ, ಆದರೆ ಕಾರಣವನ್ನೂ ಹೇಳಬೇಕು. ಚೀನೀ ಪಿಂಗಾಣಿಯ ಮೇಲೆ ಕಾಣುವ ಆ ಗುಲಾಬಿ ಎನಾಮೆಲ್‌ಗೆ ಬಣ್ಣ ಬರುವುದು ಅತಿ ಸೂಕ್ಷ್ಮವಾದ ಚಿನ್ನದ ಕಣಗಳಿಂದ. ಅದು ಅಲ್ಲಿ ಬಳಕೆಗೆ ಬಂದದ್ದು 1720ರ ಆಸುಪಾಸಿನಲ್ಲಿ, ಕಾಂಗ್‌ಶಿ ಚಕ್ರವರ್ತಿಯ (1662–1722) ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಯಾಂಗ್‌ಜೆಂಗ್ (1723–1735) ಕಾಲದಲ್ಲಿ ಆ ಕೈಕೆಲಸ ಪಕ್ವವಾಯಿತು. ಅದಕ್ಕಿಂತ ಹಿಂದಿನ ಬಹುವರ್ಣದ ಪಾತ್ರೆಗಳಲ್ಲಿ ಹಸಿರು, ಹಳದಿ, ನೇರಳೆ, ಕಬ್ಬಿಣದಿಂದ ಬರುವ ಕೆಂಪು ಇವೆಯೇ ಹೊರತು ಈ ಗುಲಾಬಿ ಇಲ್ಲ. ಹಾಗಾಗಿ ನಿಮ್ಮ ಬಟ್ಟಲು ಎಷ್ಟೇ ಹಳೆಯದಾಗಿದ್ದರೂ ಆ ಗಡಿಯನ್ನು ದಾಟಿ ಹಿಂದಕ್ಕೆ ಹೋಗಲಾರದು.

ಹಸಿರನ್ನೂ ಗಮನಿಸಿ. ತಾಮ್ರದಿಂದ ಬರುವ ಹಳೆಯ ಹಸಿರು ಪಾರದರ್ಶಕವಾಗಿರುತ್ತದೆ. ಅದರೊಳಗಿಂದ ಕೆಳಗಿನ ಕಪ್ಪು ರೇಖೆ ಕಾಣಿಸುತ್ತದೆ. ಕ್ರೋಮಿಯಂನಿಂದ ಬರುವ ಹಸಿರು ಸಾಮಾನ್ಯವಾಗಿ ಮಂದವಾಗಿದ್ದು ಕೆಳಗಿನ ರೇಖೆಯನ್ನು ಮುಚ್ಚಿಬಿಡುತ್ತದೆ. ಕ್ರೋಮಿಯಂ ಎಂಬ ಧಾತುವನ್ನು ವೋಕ್ಲಾ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಗುರುತಿಸಿದ್ದೇ 1797ರಲ್ಲಿ. ಪ್ರತಿಯೊಂದು ಬಣ್ಣಕ್ಕೂ ಒಂದು ಜನ್ಮವರ್ಷವಿರುತ್ತದೆ, ಆ ವರ್ಷವನ್ನು ಯಾವ ಮುದ್ರೆಯೂ ತಿದ್ದಲಾರದು.

ಹಳೆಹೂಜಿ:
ಹಾಗಾದರೆ ಅದು ಖೋಟಾ ವಸ್ತು. ಸುಳ್ಳು ಹೆಸರು ಬರೆದುಕೊಂಡಿರುವ ಬಟ್ಟಲನ್ನು ಕೊಳ್ಳಬೇಡಿ, ಮಾರುವವರೊಡನೆ ಚರ್ಚೆಯನ್ನೂ ಬೆಳೆಸಬೇಡಿ.

ಕೋಬಾಲ್ಟ್ ಗೆರೆ:
ಹಳೆಹೂಜಿ ಅವರೇ, ಇಷ್ಟು ಬೇಗ ತೀರ್ಪು ಕೊಡುವುದು ನ್ಯಾಯವಲ್ಲ. ಚೀನಾದ ಕುಂಬಾರರು ಹಿಂದಿನ ಚಕ್ರವರ್ತಿಗಳ ಹೆಸರನ್ನು ಬರೆಯುತ್ತಿದ್ದುದು ಬಹುತೇಕ ಸಂದರ್ಭಗಳಲ್ಲಿ ಮೋಸಕ್ಕಾಗಿರಲಿಲ್ಲ. ಶುವಾಂಡೆ (1426–1435) ಮತ್ತು ಚೆಂಗ್‌ಹುವಾ ಕಾಲದ ಪಿಂಗಾಣಿಯನ್ನು ಅವರು ತಮ್ಮ ಕಸುಬಿನ ಶಿಖರವೆಂದು ಭಾವಿಸಿದ್ದರು. ಆ ಹೆಸರನ್ನು ಬರೆಯುವುದು ಹಿರಿಯರಿಗೆ ಸಲ್ಲಿಸುವ ಗೌರವವಾಗಿತ್ತು. ಇನ್ನೊಂದು ಕಾರಣವೂ ಇದೆ. 1677ರಲ್ಲಿ ಪಿಂಗಾಣಿ ತಯಾರಿಕೆಯ ಊರಾದ ಜಿಂಗ್‌ಡೆಜೆನ್‌ನ ಸ್ಥಳೀಯ ಅಧಿಕಾರಿಯೊಬ್ಬರು ಆಳುತ್ತಿರುವ ಚಕ್ರವರ್ತಿಯ ಹೆಸರನ್ನು ಪಾತ್ರೆಗಳ ಮೇಲೆ ಬರೆಯಬಾರದೆಂದು ನಿಷೇಧ ಹೊರಡಿಸಿದರು. ಪಾತ್ರೆ ಒಡೆದಾಗ ಆ ಹೆಸರೂ ಕಸದ ಪಾಲಾಗುತ್ತದೆಂಬುದು ಅದಕ್ಕೆ ಕೊಡಲಾಗುವ ಕಾರಣ. ಆದ್ದರಿಂದ ಆ ಕಾಲದ ಅತ್ಯುತ್ತಮ ಪಾತ್ರೆಗಳ ತಳದಲ್ಲಿ ಬರಿಯ ಜೋಡಿ ವೃತ್ತವೋ, ಒಂದು ಎಲೆಯ ಚಿತ್ರವೋ, ಮಿಂಗ್ ಚಕ್ರವರ್ತಿಯ ಹೆಸರೋ ಇರುತ್ತದೆ. ಅವುಗಳನ್ನು ಇಂದು ಯಾವ ವಸ್ತುಸಂಗ್ರಹಾಲಯವೂ ಖೋಟಾ ಎಂದು ಕರೆಯುವುದಿಲ್ಲ. ಕಾಂಗ್‌ಶಿ ಕಾಲದ ಪಾತ್ರೆ, ಚೆಂಗ್‌ಹುವಾ ಮುದ್ರೆ ಎಂದು ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತದೆ.

ಹಳೆಹೂಜಿ:
ಕುಂಬಾರನ ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ಇಂದು ಆ ಮುದ್ರೆಯನ್ನು ತೋರಿಸಿ ಮೂರು ನಾಲ್ಕು ಶತಮಾನಗಳಷ್ಟು ವಯಸ್ಸನ್ನು ಹೆಚ್ಚಿಸಿ ಮಾರುತ್ತಿರುವುದು ನಿಜ ತಾನೇ? ಕೊಳ್ಳುವವರಿಗೆ ಆಗುವ ನಷ್ಟ ಒಂದೇ.

ಕೋಬಾಲ್ಟ್ ಗೆರೆ:
ನಷ್ಟ ಒಂದೇ, ಆದರೆ ಹೊಣೆ ಬೇರೆಯವರದ್ದು. ತಪ್ಪು ಹೇಳಿದವರು ಮಾರಾಟಗಾರರು. ಅದಕ್ಕಾಗಿ ಬಟ್ಟಲನ್ನು ಶಿಕ್ಷಿಸಿದರೆ ಹತ್ತೊಂಬತ್ತನೆಯ ಶತಮಾನದ ಒಳ್ಳೆಯ ಕೆಲಸವೊಂದು ಕೈತಪ್ಪಬಹುದು. ಅವರ ವಿವರಣೆಯನ್ನು ಬದಿಗಿಟ್ಟು ವಸ್ತುವನ್ನು ಮೊದಲಿನಿಂದ ನೋಡಿ ಎಂಬುದಷ್ಟೇ ನನ್ನ ವಾದ.

ಸಾಸರ್ ಸಾಲು:
ಯುರೋಪಿನ ಪಿಂಗಾಣಿಯಲ್ಲಿ ಈ ಸಮಸ್ಯೆ ಇರಲಾರದು ಎಂದು ಭಾವಿಸಿದ್ದೇನೆ. ಅಲ್ಲಿ ಕಾರ್ಖಾನೆಗಳು ಲೆಕ್ಕಪತ್ರ ಇಟ್ಟಿವೆ, ಮುದ್ರೆಗಳ ಕೋಶಗಳಿವೆ, ವರ್ಷಕ್ಕೊಂದು ಅಕ್ಷರವನ್ನೂ ಬಳಸಿದ್ದಾರೆ.

ತಳನೋಡಿ:
ಸಾಸರ್ ಸಾಲು ಅವರೇ, ಅಲ್ಲಿ ಸಮಸ್ಯೆ ಇನ್ನೂ ಜಟಿಲ. ಜರ್ಮನಿಯ ಮೈಸೆನ್ ಕಾರ್ಖಾನೆ ಆರಂಭವಾದದ್ದು 1710ರಲ್ಲಿ. ಅಡ್ಡಕತ್ತಿಗಳ ಮುದ್ರೆ ಬಂದದ್ದು 1722ರ ಸುಮಾರಿಗೆ. ಆ ಮುದ್ರೆಗೆ ಹೆಸರು ಬಂದೊಡನೆಯೇ ಬೇರೆ ಕಾರ್ಖಾನೆಗಳು ಅದನ್ನು ಹೋಲುವ ಗೆರೆಗಳನ್ನು ತಮ್ಮ ಪಾತ್ರೆಗಳ ತಳದಲ್ಲಿ ಎಳೆಯತೊಡಗಿದವು. ಪ್ಯಾರಿಸ್‌ನಲ್ಲಿ 1845ರಲ್ಲಿ ಆರಂಭವಾದ ಸಾಮ್ಸನ್ ಕಾರ್ಖಾನೆಯಂತೂ ಮೈಸೆನ್, ಚೀನಾ, ಚೆಲ್ಸೀ ಎಲ್ಲವನ್ನೂ ಅನುಕರಿಸಿತು. ಇಂದು ಸಾಮ್ಸನ್ ವಸ್ತುಗಳನ್ನೇ ಸಂಗ್ರಹಿಸುವವರಿದ್ದಾರೆ ಎಂಬುದು ಬೇರೆ ಮಾತು.

ನಿಜವಾದ ಕತ್ತಿಗಳಿದ್ದರೂ ಕೆಲಸ ಮುಗಿಯುವುದಿಲ್ಲ. ಕತ್ತಿಗಳ ಮೇಲೆ ಗ್ಲೇಜನ್ನು (ಗಾಜಿನಂತಹ ಹೊಳಪಿನ ಮೇಲ್ಪದರವನ್ನು) ಕೊರೆದು ಎಳೆದ ಗೀರುಗಳಿದ್ದರೆ, ಅದು ಎರಡನೆಯ ದರ್ಜೆಯದೆಂದು ಕಾರ್ಖಾನೆಯೇ ಬೇರ್ಪಡಿಸಿದ್ದು, ಇಲ್ಲವೇ ಚಿತ್ರವಿಲ್ಲದೆ ಬಿಳಿಯಾಗಿಯೇ ಹೊರಗೆ ಮಾರಿದ್ದು. ಬಿಳಿಯಾಗಿ ಮಾರಿದ ಪಾತ್ರೆಗೆ ಹೊರಗಿನ ಯಾರೋ ಚಿತ್ರ ಬರೆದಿರುತ್ತಾರೆ. ಮಣ್ಣು ಮೈಸೆನ್‌ದು, ಮುದ್ರೆ ಮೈಸೆನ್‌ದು, ಚಿತ್ರ ಮಾತ್ರ ಅಲ್ಲಿಯದಲ್ಲ.

ಆವೆಬೆಂಕಿ:
ತಳನೋಡಿ ಅವರ ಮಾತಿಗೆ ಫ್ರಾನ್ಸಿನ ಸೆವ್ರ್ ಕಾರ್ಖಾನೆಗಿಂತ ದೊಡ್ಡ ನಿದರ್ಶನವಿಲ್ಲ. 1740ರಲ್ಲಿ ವಾನ್ಸೆನ್‌ನಲ್ಲಿ ಆರಂಭವಾಗಿ 1756ರಲ್ಲಿ ಸೆವ್ರ್‌ಗೆ ಸ್ಥಳಾಂತರವಾದ ಈ ಕಾರ್ಖಾನೆ 1753ರಿಂದ ವರ್ಷಸೂಚಕ ಅಕ್ಷರಗಳನ್ನು ಬಳಸಿತು. ಮೊದಲು ಅಲ್ಲಿ ತಯಾರಾಗುತ್ತಿದ್ದುದು ಕೇಯೋಲಿನ್ ಎಂಬ ಬಿಳಿ ಜೇಡಿಮಣ್ಣು ಇಲ್ಲದ ಮೃದು ಪಿಂಗಾಣಿ; 1768ರಲ್ಲಿ ಲಿಮೋಜ್ ಬಳಿ ಕೇಯೋಲಿನ್ ಸಿಕ್ಕಿದ ನಂತರ ಗಟ್ಟಿ ಪಿಂಗಾಣಿಯತ್ತ ತಿರುಗಿತು. 1800ರಲ್ಲಿ ನಿರ್ದೇಶಕರಾದ ಬ್ರೋನ್ಯಾರ್ ಅವರು ಉಗ್ರಾಣದಲ್ಲಿ ಉಳಿದಿದ್ದ ಹಳೆಯ ಮೃದು ಪಿಂಗಾಣಿಯ ಬಿಳಿ ಪಾತ್ರೆಗಳನ್ನು ಮಾರಿಬಿಟ್ಟರು. ಕೊಂಡವರು ಅವುಗಳ ಮೇಲೆ ಹದಿನೆಂಟನೆಯ ಶತಮಾನದ ಶೈಲಿಯ ಚಿತ್ರಗಳನ್ನು ಬರೆಸಿದರು; ಚಿಕ್ಕ ಹೂಗಳಷ್ಟೇ ಇದ್ದ ಹಳೆಯ ಪಾತ್ರೆಗಳಿಂದ ಆ ಹೂಗಳನ್ನು ತೆಗೆಸಿ ದಟ್ಟ ಬಣ್ಣದ ಹಿನ್ನೆಲೆ ಹಾಕಿಸಿದವರೂ ಇದ್ದರು. ಮರುಸುಟ್ಟ ಮೃದು ಪಿಂಗಾಣಿಯ ಗ್ಲೇಜಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ಅವುಗಳನ್ನು ಮುಚ್ಚಲೆಂದೇ ಅದರ ಮೇಲೊಂದು ಎಲೆ, ಮೊಗ್ಗು ಬರೆದಿರುವುದನ್ನು ಭೂತಗನ್ನಡಿಯಲ್ಲಿ ಕಾಣಬಹುದು. ಇಂತಹವುಗಳಲ್ಲಿ ಅನೇಕವನ್ನು ಬಯಲಿಗೆಳೆದದ್ದು ನಾನು ಮೇಲೆ ಹೇಳಿದ ಕ್ರೋಮಿಯಂ ಹಸಿರೇ. 1760ರ ಅಕ್ಷರವುಳ್ಳ ಪಾತ್ರೆಯ ಎಲೆಗಳಲ್ಲಿ ಕ್ರೋಮಿಯಂ ಇದ್ದರೆ ಆ ಎಲೆಗಳನ್ನು ಬರೆದವರು 1760ರವರಲ್ಲ.

ಮುಚ್ಚಳವಿಲ್ಲದ ಡಬ್ಬಿ:
ಚಿತ್ರ ಮಾತ್ರವಲ್ಲ, ಮುಚ್ಚಳವೂ ಬೇರೆ ಪಾತ್ರೆಯದ್ದಾಗಿರಬಹುದು. ಮುಚ್ಚಳದ ಬಿಳುಪನ್ನೂ ಪಾತ್ರೆಯ ಬಿಳುಪನ್ನೂ ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸದೆ ಏನನ್ನೂ ಕೊಳ್ಳಬಾರದು.

ಸಾಸರ್ ಸಾಲು:
ಒಪ್ಪುತ್ತೇನೆ. ಆದರೆ ಕಾನೂನಿನಿಂದ ಬಂದ ಮುದ್ರೆಗಳನ್ನಾದರೂ ನಂಬಬೇಕಲ್ಲವೇ? ಅಮೆರಿಕದ ಮೆಕಿನ್ಲೀ ಸುಂಕದ ಕಾಯ್ದೆಯ ಪ್ರಕಾರ 1891ರಿಂದ ಆಮದು ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕಾಗಿತ್ತು. ಜಪಾನಿನಿಂದ ಹೋದ ಪಾತ್ರೆಗಳ ಮೇಲೆ 1921ರವರೆಗೆ ‘ನಿಪ್ಪಾನ್’ ಎಂದಿತ್ತು, ಆಮೇಲೆ ‘ಜಪಾನ್’ ಎಂದಾಯಿತು. ಎರಡನೆಯ ಮಹಾಯುದ್ಧದ ನಂತರ 1952ರವರೆಗೆ ‘ಆಕ್ಯುಪೈಡ್ ಜಪಾನ್’ ಎಂಬ ಮುದ್ರೆಯೂ ಬಂತು. ಇವುಗಳಿಂದ ಕಾಲ ಸ್ಪಷ್ಟವಾಗುವುದಿಲ್ಲವೇ?

ತಳನೋಡಿ:
ಇವು ಉಪಯುಕ್ತವೇ, ಸಂದೇಹವಿಲ್ಲ. ಆದರೆ ಅವುಗಳನ್ನು ಒಂದೇ ದಿಕ್ಕಿನಲ್ಲಿ ಓದಬೇಕು. ದೇಶದ ಹೆಸರಿದ್ದರೆ ಆ ಪಾತ್ರೆ ಬಹುಮಟ್ಟಿಗೆ 1891ರ ಈಚಿನದು. ಹೆಸರಿಲ್ಲದಿದ್ದರೆ 1891ಕ್ಕಿಂತ ಹಳೆಯದು ಎಂದು ಹೇಳಲು ಬರುವುದಿಲ್ಲ. ಅಮೆರಿಕಕ್ಕೆ ಹೋಗದ ಪಾತ್ರೆಗೆ ಆ ನಿಯಮವೇ ಅನ್ವಯಿಸುತ್ತಿರಲಿಲ್ಲ. ಕೆಲವರು ಕಾಗದದ ಚೀಟಿ ಅಂಟಿಸುತ್ತಿದ್ದರು, ಅದು ತೊಳೆದಾಗ ಹೋಯಿತು. ಇನ್ನು ಕೆಲವರು ನಂತರ ಮುದ್ರೆಯನ್ನೇ ಉಜ್ಜಿ ತೆಗೆದರು. ತಳದಲ್ಲಿ ಒಂದು ಕಡೆ ಮಾತ್ರ ಹೊಳಪು ಸತ್ತು ಮಂಕಾದ ತೇಪೆ ಕಂಡರೆ ಅಲ್ಲೇನೋ ಇತ್ತೆಂದೇ ತಿಳಿಯಬೇಕು.

ಬ್ರಿಟನ್ನಿನ ವಜ್ರಾಕೃತಿಯ ನೋಂದಣಿ ಮುದ್ರೆಯೂ ಹೀಗೆಯೇ. 1842ರಿಂದ 1883ರವರೆಗೆ ಅದು ಚಾಲ್ತಿಯಲ್ಲಿತ್ತು, 1884ರಿಂದ ಕ್ರಮಸಂಖ್ಯೆ ಬಂತು. ಅದರ ಮೂಲೆಗಳಲ್ಲಿರುವ ಅಕ್ಷರಗಳು ಕೊಡುವುದು ವಿನ್ಯಾಸವನ್ನು ನೋಂದಾಯಿಸಿದ ದಿನವನ್ನು, ಆ ತಟ್ಟೆ ಆವೆಯಿಂದ ಹೊರಬಂದ ದಿನವನ್ನಲ್ಲ. ಜನಪ್ರಿಯವಾದ ವಿನ್ಯಾಸವನ್ನು ಹಲವು ವರ್ಷ ತಯಾರಿಸುತ್ತಲೇ ಇದ್ದರು.

ಬಿರುಕುಗೆರೆ:
ಇಷ್ಟು ಹೊತ್ತು ಮುದ್ರೆಯ ಬಗ್ಗೆಯೇ ಮಾತನಾಡಿದೆವು. ಪ್ರಶ್ನೆ ಕೇಳಿದವರು ಮೊದಲು ಏನನ್ನು ನೋಡಬೇಕೆಂದೂ ಕೇಳಿದ್ದಾರೆ. ಒಡೆದ ಪಿಂಗಾಣಿಯನ್ನು ಜೋಡಿಸುವುದು ನನ್ನ ವೃತ್ತಿ. ಆದ್ದರಿಂದ ನನ್ನ ಮೇಜಿಗೆ ಬಂದ ಪಾತ್ರೆಯನ್ನು ನಾನು ನೋಡುವ ಕ್ರಮವನ್ನು ಹೇಳುತ್ತೇನೆ.

ಮೊದಲು ತಳದ ಉಂಗುರ. ಪಾತ್ರೆ ನಿಲ್ಲುವ ಆ ಅಂಚಿನಲ್ಲಿ ಸಾಮಾನ್ಯವಾಗಿ ಗ್ಲೇಜ್ ಇರುವುದಿಲ್ಲ, ಹಾಗಾಗಿ ಮಣ್ಣು ಬೆತ್ತಲೆಯಾಗಿ ಕಾಣುವುದು ಅಲ್ಲಿ ಮಾತ್ರ. ಬೆರಳಿನಿಂದ ಸವರಬೇಕು. ಮಣ್ಣು ಎಷ್ಟು ನಯವಾಗಿದೆ, ಆವೆಯ ಮರಳು ಅಂಟಿದೆಯೇ, ಗ್ಲೇಜ್ ಮುಗಿಯುವ ಗಡಿಯಲ್ಲಿ ಕಬ್ಬಿಣದಿಂದ ಬಂದ ಕಿತ್ತಳೆ ಛಾಯೆ ಇದೆಯೇ, ಉಂಗುರವನ್ನು ಚಕ್ರದ ಮೇಲೆ ಹೇಗೆ ಕೆತ್ತಿದ್ದಾರೆ, ಇವೆಲ್ಲವೂ ಕುಂಬಾರನ ಕೈಯಭ್ಯಾಸಕ್ಕೆ ಸೇರಿದವು. ನಕಲು ಮಾಡುವವರು ಚಿತ್ರಕ್ಕೆ ಕೊಡುವಷ್ಟು ಗಮನವನ್ನು ಉಂಗುರಕ್ಕೆ ಕೊಡುವುದು ಅಪರೂಪ.

ಆಮೇಲೆ ಸವೆತ. ಬಳಕೆಯಿಂದಾದ ಗೀರುಗಳು ಎಲ್ಲ ದಿಕ್ಕುಗಳಲ್ಲೂ ಹರಡಿರುತ್ತವೆ, ಉದ್ದದಲ್ಲೂ ಆಳದಲ್ಲೂ ಒಂದೊಂದು ಒಂದೊಂದು ಬಗೆ. ಪಾತ್ರೆ ನೆಲಕ್ಕೆ ತಾಗುವ ಕಡೆ, ಕೈ ಹಿಡಿಯುವ ಕಡೆ, ಇನ್ನೊಂದು ಪಾತ್ರೆ ಮೇಲೆ ಕುಳಿತುಕೊಳ್ಳುವ ಕಡೆ ಅವು ದಟ್ಟವಾಗಿರುತ್ತವೆ. ಉಜ್ಜುಕಾಗದದಿಂದ ಮಾಡಿದ ಸವೆತದಲ್ಲಿ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ, ಕೈಯೇ ತಾಗದ ಜಾಗದಲ್ಲೂ ಕಾಣಿಸಿಕೊಳ್ಳುತ್ತವೆ. ಗ್ಲೇಜಿನ ಜಾಲಬಿರುಕುಗಳ ವಿಷಯದಲ್ಲೂ ಎಚ್ಚರಿಕೆ ಬೇಕು. ಗ್ಲೇಜ್ ಮತ್ತು ಅದರ ಕೆಳಗಿನ ಮಣ್ಣಿನ ಒಡಲು ತಣ್ಣಗಾಗುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ, ಅಥವಾ ಸುಟ್ಟ ಮಣ್ಣು ವರ್ಷಗಟ್ಟಲೆ ತೇವವನ್ನು ಹೀರಿ ಹಿಗ್ಗಿದರೆ ಆ ಬಿರುಕುಗಳು ಬರುತ್ತವೆ. ಹೊಸ ಪಾತ್ರೆಯಲ್ಲೂ ಅವು ಬರಬಹುದು, ಅವುಗಳಿಗೆ ಬಣ್ಣದ ನೀರು ಕುಡಿಸಿ ಮುಪ್ಪು ತರಿಸುವುದು ಸುಲಭ. ಬಿರುಕಿನ ಜಾಲವನ್ನು ವಯಸ್ಸಿನ ಪುರಾವೆಯೆಂದು ತೋರಿಸುವವರ ಮಾತಿಗೆ ಕಿವಿಗೊಡಬೇಡಿ.

ಇವೆಲ್ಲ ಮುಗಿದ ನಂತರ ಚಿತ್ರ, ಬಣ್ಣ. ಮುದ್ರೆ ಎಲ್ಲಕ್ಕಿಂತ ಕೊನೆಗೆ. ನೋಟಕ್ಕೆ ಮೊದಲು ಮುದ್ರೆ ಬಿದ್ದರೆ ಉಳಿದದ್ದನ್ನೆಲ್ಲ ಕಣ್ಣು ಅದಕ್ಕೆ ಹೊಂದಿಸಿಕೊಂಡು ನೋಡುತ್ತದೆ.

ಹಳೆಹೂಜಿ:
ಬಿರುಕುಗೆರೆ ಅವರ ಕ್ರಮ ಚೆನ್ನಾಗಿದೆ, ಆದರೆ ಬರಹವನ್ನು ಪೂರ್ತಿ ಕೊನೆಗೆ ತಳ್ಳುವುದನ್ನು ಒಪ್ಪಲಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಡೇವಿಡ್ ಹೂದಾನಿಗಳನ್ನು ನೆನೆಸಿಕೊಳ್ಳಿ. ಆ ಜೋಡಿಯ ಕೊರಳಿನ ಮೇಲೆ 1351ನೆಯ ಇಸವಿಗೆ ಸಮನಾದ ದಿನಾಂಕವಿದೆ, ಅವುಗಳನ್ನು ದೇವಾಲಯವೊಂದಕ್ಕೆ ಧೂಪಪಾತ್ರೆಯೊಡನೆ ಅರ್ಪಿಸಿದ ವಿವರವಿದೆ. ಆ ಬರಹ ಇಲ್ಲದಿದ್ದರೆ ಮಿಂಗ್ ವಂಶಕ್ಕಿಂತ ಹಿಂದಿನ ಯುವಾನ್ ವಂಶದ ಕಾಲದಲ್ಲೇ ಅಷ್ಟು ಪ್ರೌಢವಾದ ನೀಲಿ-ಬಿಳಿ ಪಿಂಗಾಣಿ ತಯಾರಾಗುತ್ತಿತ್ತೆಂಬುದು ಸ್ಥಾಪಿತವಾಗಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ.

ಕೋಬಾಲ್ಟ್ ಗೆರೆ:
ಹಳೆಹೂಜಿ ಅವರು ಕೊಟ್ಟ ನಿದರ್ಶನ ಅಮೂಲ್ಯವಾದದ್ದು, ಆದರೆ ಅದು ಅವರ ವಾದಕ್ಕಿಂತ ಬಿರುಕುಗೆರೆ ಅವರ ವಾದಕ್ಕೇ ಹೆಚ್ಚು ಬಲ ಕೊಡುತ್ತದೆ. ಬರಹವನ್ನು ಓದಿದೊಡನೆ ಕೆಲಸ ಮುಗಿಯಲಿಲ್ಲ. 1950ರ ದಶಕದಲ್ಲಿ ಜಾನ್ ಪೋಪ್ ಎಂಬ ವಿದ್ವಾಂಸರು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಮತ್ತು ಇರಾನಿನ ಅರ್ದಬಿಲ್‌ನ ಸಂಗ್ರಹಗಳಲ್ಲಿದ್ದ, ಯಾವ ದಿನಾಂಕವೂ ಇಲ್ಲದ ದೊಡ್ಡ ತಟ್ಟೆಗಳನ್ನೂ ಜಾಡಿಗಳನ್ನೂ ಆ ಹೂದಾನಿಗಳೊಡನೆ ಅಂಶ ಅಂಶವಾಗಿ ಹೋಲಿಸಿದರು: ಎಲೆಯ ಆಕಾರ, ಅಲೆಯ ಗೆರೆ, ಕಮಲದ ದಳಗಳ ನಡುವಿನ ಅಂತರ, ಒಡಲಿನ ಗುಣ. ಆ ಹೋಲಿಕೆಯಿಂದ ಒಂದು ಇಡೀ ವರ್ಗವೇ ಹದಿನಾಲ್ಕನೆಯ ಶತಮಾನಕ್ಕೆ ಸೇರಿತು. ಬರಹ ಬೀಗದ ಕೈಯಾಯಿತು, ನಿಜ; ಆದರೆ ಬಾಗಿಲು ತೆರೆದದ್ದು ವಸ್ತುಗಳೇ.

ಹಳೆಹೂಜಿ:
ಇಷ್ಟನ್ನು ಒಪ್ಪಬಲ್ಲೆ. ಆದರೂ ಉದ್ದವಾದ ಅರ್ಪಣೆಯ ಬರಹಕ್ಕೂ ತಳದ ಆರು ಅಕ್ಷರಗಳಿಗೂ ವ್ಯತ್ಯಾಸವಿದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಜೇಡಿಮಣ್ಣು:
ಅದನ್ನು ಎಲ್ಲರೂ ಒಪ್ಪುತ್ತಾರೆ.

ಸಾಸರ್ ಸಾಲು:
ಇಷ್ಟೆಲ್ಲ ತರ್ಕದ ಬದಲು ಪ್ರಯೋಗಾಲಯಕ್ಕೆ ಕೊಟ್ಟು ಉಷ್ಣದೀಪ್ತಿ ಪರೀಕ್ಷೆ ಮಾಡಿಸಿದರೆ ಆಗುವುದಿಲ್ಲವೇ?

ಆವೆಬೆಂಕಿ:
ಅದು ಒಳ್ಳೆಯ ಪರೀಕ್ಷೆ, ಆದರೆ ಅದರ ಮಿತಿ ತಿಳಿದಿರಬೇಕು. ಮಣ್ಣಿನಲ್ಲಿರುವ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಹರಳುಗಳು ಸುತ್ತಲಿನ ಸಹಜ ವಿಕಿರಣದಿಂದ ಶಕ್ತಿಯನ್ನು ಕೂಡಿಡುತ್ತಾ ಹೋಗುತ್ತವೆ. ಆವೆಯ ಬೆಂಕಿ ಆ ಲೆಕ್ಕವನ್ನು ಅಳಿಸಿ ಸೊನ್ನೆಗೆ ತರುತ್ತದೆ. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದಾಗ ಹೊರಬರುವ ಬೆಳಕನ್ನು ಅಳೆದು, ಕೊನೆಯ ಸಲ ಸುಟ್ಟು ಎಷ್ಟು ಕಾಲವಾಯಿತೆಂದು ಅಂದಾಜು ಮಾಡುತ್ತಾರೆ. ಅಂದಾಜಿನಲ್ಲಿ ಗಣನೀಯ ಅಂತರ ಉಳಿದೇ ಉಳಿಯುತ್ತದೆ, ಆದ್ದರಿಂದ ಸಾವಿರ ವರ್ಷ ಹಳೆಯ ಮಡಕೆಯನ್ನು ಹೊಸದರಿಂದ ಬೇರ್ಪಡಿಸಲು ಅದು ಸಾಕು; 1880ರ ಬಟ್ಟಲನ್ನು 1920ರ ಬಟ್ಟಲಿನಿಂದ ಬೇರ್ಪಡಿಸಲು ಸಾಲದು. ಮಾದರಿಗಾಗಿ ಪಾತ್ರೆಯನ್ನು ಕೊರೆಯಲೇಬೇಕು. ಮಡಕೆಯ ತಳದಲ್ಲಿ ಚಿಕ್ಕ ರಂಧ್ರ ಮರೆಯಾಗುತ್ತದೆ. ತೆಳುವಾದ ಪಿಂಗಾಣಿಯಲ್ಲಿ ಅದು ಶಾಶ್ವತವಾದ ಗಾಯ.

ಮೋಸ ಮಾಡುವವರಿಗೂ ಈ ಪರೀಕ್ಷೆ ಗೊತ್ತಿದೆ. ಹೊಸ ವಸ್ತುವಿಗೆ ಕೃತಕವಾಗಿ ವಿಕಿರಣ ಹಾಯಿಸುವುದುಂಟು. ನಿಜವಾದ ಹಳೆಯ ಚೂರುಗಳನ್ನು ಹೊಸ ಮೂರ್ತಿಯೊಳಗೆ ಸೇರಿಸಿ, ಮಾದರಿ ತೆಗೆಯುವ ಜಾಗದಲ್ಲಿ ಹಳೆಯ ಮಣ್ಣೇ ಸಿಗುವಂತೆ ಮಾಡುವುದೂ ಉಂಟು. ಪರೀಕ್ಷೆಯ ವರದಿಯಲ್ಲಿ ಮಾದರಿಯನ್ನು ಎಲ್ಲೆಲ್ಲಿಂದ ತೆಗೆದರೆಂಬುದನ್ನೂ, ಜೊತೆಗಿರುವ ಚಿತ್ರ ಅದೇ ವಸ್ತುವಿನದೇ ಎಂಬುದನ್ನೂ ಓದಬೇಕು.

ಬಿರುಕುಗೆರೆ:
ನೀಲಿಬಟ್ಟಲು ಅವರಿಗೆ ಈ ಪರೀಕ್ಷೆ ಅಗತ್ಯವಿಲ್ಲ. ಒಂದು ನೇರಳಾತೀತ ಬೆಳಕಿನ ಕೈದೀಪ ಸಾಕು. ಕತ್ತಲೆಯ ಕೋಣೆಯಲ್ಲಿ ಅದನ್ನು ಹಿಡಿದರೆ ಅಂಟು, ಹೊಸ ಬಣ್ಣ, ರಾಳದಿಂದ ತುಂಬಿದ ತೇಪೆ ಇವು ಪಿಂಗಾಣಿಗಿಂತ ಬೇರೆಯಾಗಿ ಹೊಳೆಯುತ್ತವೆ. ಚಿನ್ನದ ಗೆರೆ ಬಾಯಿಯ ಅಂಚಿನಲ್ಲಿದೆ ಎಂದಿದ್ದೀರಿ. ಚಿಕ್ಕ ಒಡಕನ್ನು ಮುಚ್ಚಲು ಹೊಸದಾಗಿ ಚಿನ್ನ ಬಳಿಯುವುದು ಬಹಳ ಸಾಮಾನ್ಯ. ಬೆರಳ ತುದಿಯಿಂದ ಮೆಲ್ಲನೆ ತಟ್ಟಿ ನಾದವನ್ನೂ ಕೇಳಿ. ಒಡೆಯದ ಪಿಂಗಾಣಿ ಗಂಟೆಯಂತೆ ನಾದ ಕೊಡುತ್ತದೆ, ಕೂದಲೆಳೆಯ ಬಿರುಕಿದ್ದರೂ ದನಿ ಮಂಕಾಗುತ್ತದೆ.

ಮುಚ್ಚಳವಿಲ್ಲದ ಡಬ್ಬಿ:
ದುರಸ್ತಿ ಮಾಡಿದ್ದನ್ನು ಕೊಳ್ಳಲೇಬಾರದು ಎಂಬುದು ನನ್ನ ನಿಯಮ. ಸಂಗ್ರಹಕ್ಕೆ ಘನತೆ ಬರುವುದು ಊನವಿಲ್ಲದ ವಸ್ತುಗಳಿಂದ.

ಬಿರುಕುಗೆರೆ:
ಈ ಮಾತಿಗೆ ನನ್ನ ಬಲವಾದ ವಿರೋಧವಿದೆ. ಬಚ್ಚಿಟ್ಟ ದುರಸ್ತಿ ಬೇರೆ, ಬಹಿರಂಗವಾದ ದುರಸ್ತಿ ಬೇರೆ. ಹಿಂದೆ ಒಡೆದ ತುಂಡುಗಳ ಒಡಲಿನಲ್ಲಿ ಅರ್ಧ ಆಳದವರೆಗೆ ರಂಧ್ರ ಕೊರೆದು ಲೋಹದ ಕೊಕ್ಕೆಗಳನ್ನು ಬಿಗಿದು ಜೋಡಿಸುತ್ತಿದ್ದರು. ಜಪಾನಿನಲ್ಲಿ ಮರದ ಅರಗಿನಿಂದ ಅಂಟಿಸಿ ಜೋಡಣೆಯ ಗೆರೆಯ ಮೇಲೆ ಚಿನ್ನದ ಪುಡಿ ಹಾಕುವ ಕಿನ್ಸುಗಿ ಪದ್ಧತಿ ಬೆಳೆಯಿತು. ಇವೆರಡೂ ಆ ಪಾತ್ರೆಯನ್ನು ಒಂದು ಕಾಲದ ಜನ ಎಷ್ಟು ಬೆಲೆಯುಳ್ಳದ್ದೆಂದು ಭಾವಿಸಿದ್ದರು ಎಂಬುದಕ್ಕೆ ದಾಖಲೆಗಳು. ಹಳೆಯ ಕೊಕ್ಕೆಗಳನ್ನು ಕಿತ್ತು ಗೆರೆ ಕಾಣದಂತೆ ಮಾಡಿಕೊಡಿ ಎಂದು ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಹೊಸದಾಗಿ ಅಂಟಿಸುವಾಗಲೂ ಪ್ಯಾರಲಾಯ್ಡ್ ಬಿ-72ರಂತಹ, ಬೇಕೆಂದಾಗ ಅಸಿಟೋನ್‌ನಲ್ಲಿ ಕರಗಿಸಿ ಬಿಡಿಸಬಹುದಾದ ಅಂಟನ್ನೇ ಬಳಸಬೇಕು. ಬಿಡಿಸಲಾಗದ ಅಂಟು ಮುಂದೆ ಬರುವವರ ಕೈಯನ್ನು ಕಟ್ಟಿಹಾಕುತ್ತದೆ.

ಕಲಿಯುವವರಿಗಂತೂ ಊನವುಳ್ಳ ನಿಜವಾದ ಪಾತ್ರೆಯೇ ಶ್ರೇಷ್ಠ. ಒಡೆದ ಅಂಚಿನಲ್ಲಿ ಒಡಲಿನ ಒಳಭಾಗ ಕಾಣುತ್ತದೆ: ಗಟ್ಟಿ ಪಿಂಗಾಣಿಯಲ್ಲಿ ಗ್ಲೇಜ್ ಮತ್ತು ಒಡಲು ಬೆಸೆದುಕೊಂಡಿರುತ್ತವೆ, ನೆದರ್ಲೆಂಡ್ಸಿನ ಡೆಲ್ಫ್ಟ್‌ನ ಪಾತ್ರೆಯಲ್ಲಿ ತವರ ಬೆರೆತ ಬಿಳಿ ಗ್ಲೇಜಿನ ಕೆಳಗೆ ಮೆತ್ತನೆಯ ಹಳದಿ ಮಣ್ಣು ಬೇರೆಯೇ ಪದರವಾಗಿ ನಿಂತಿರುತ್ತದೆ. ಇದನ್ನು ಯಾವ ಛಾಯಾಚಿತ್ರವೂ ಕಲಿಸುವುದಿಲ್ಲ.

ಮುಚ್ಚಳವಿಲ್ಲದ ಡಬ್ಬಿ:
ಕಲಿಕೆಗೆಂದು ಕೆಲವನ್ನು ಇಟ್ಟುಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಪ್ರದರ್ಶನದ ಕಪಾಟಿನಲ್ಲಿ ಮಾತ್ರ ನನ್ನ ನಿಯಮವನ್ನು ಬಿಡಲಾರೆ.

ಹೊಸಗ್ಲೇಜ್:
ನಡುವೆ ಬಂದು ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಜಾಲಬಿರುಕುಗಳಲ್ಲಿ ಇಳಿದಿರುವ ಕಂದು ಕಲೆಯನ್ನು ತೆಗೆಯಲು ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ನೆನೆಸಬಹುದೇ?

ಬಿರುಕುಗೆರೆ:
ಖಂಡಿತ ಬೇಡ. ಬ್ಲೀಚಿನ ಲವಣ ಸರಂಧ್ರವಾದ ಒಡಲಿನೊಳಗೆ ಸೇರಿಕೊಂಡು, ಒಣಗಿದಾಗ ಹರಳುಗಟ್ಟಿ, ಗ್ಲೇಜನ್ನು ಒಳಗಿನಿಂದ ಎಬ್ಬಿಸಿ ಉದುರಿಸುತ್ತದೆ. ಹಾನಿ ಕಾಣಿಸುವುದು ತಿಂಗಳುಗಳ ನಂತರ, ಆಗ ಸರಿಪಡಿಸಲು ಬರುವುದಿಲ್ಲ. ಪರಿಣತರು ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಯಲ್ಲಿ ಅದ್ದಿ ಕಲೆಯ ಮೇಲಷ್ಟೇ ಇಡುತ್ತಾರೆ. ಅದನ್ನೂ ಚಿನ್ನದ ಗೆರೆಯ ಮೇಲೆ ಮತ್ತು ಹಳೆಯ ದುರಸ್ತಿಯ ಮೇಲೆ ಇಡುವುದಿಲ್ಲ. ಪಾತ್ರೆ ತೊಳೆಯುವ ಯಂತ್ರಕ್ಕಂತೂ ಹಳೆಯ ಪಿಂಗಾಣಿಯನ್ನು ಹಾಕಲೇಬಾರದು, ಗ್ಲೇಜಿನ ಮೇಲೆ ಬರೆದ ಬಣ್ಣವೂ ಚಿನ್ನವೂ ಅಲ್ಲಿ ಉಳಿಯುವುದಿಲ್ಲ.

ಹೊಸಗ್ಲೇಜ್:
ಧನ್ಯವಾದಗಳು. ಇಂತಹ ಪಾತ್ರೆಗಳನ್ನು ಊಟಕ್ಕೆ ಬಳಸಬಹುದೇ?

ಆವೆಬೆಂಕಿ:
ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಹಳೆಯ ಮಣ್ಣಿನ ಪಾತ್ರೆಗಳ ಗ್ಲೇಜಿನಲ್ಲೂ, ಪಿಂಗಾಣಿಯ ಮೇಲಿನ ಎನಾಮೆಲ್ ಬಣ್ಣಗಳಲ್ಲೂ ಸೀಸ ಇರುವುದು ಸಾಮಾನ್ಯ, ಹುಳಿ ತಾಗಿದರೆ ಅದು ಬಿಡುತ್ತದೆ. ಸವೆದ, ಬಿರುಕು ಬಿಟ್ಟ ಗ್ಲೇಜಿನಿಂದ ಇನ್ನೂ ಹೆಚ್ಚು. ಇಪ್ಪತ್ತನೆಯ ಶತಮಾನದ ವಸ್ತುಗಳೆಲ್ಲ ಸುರಕ್ಷಿತವೆಂದು ತಿಳಿಯಬೇಡಿ. 1936ರಲ್ಲಿ ಅಮೆರಿಕದ ಹೋಮರ್ ಲಾಫ್ಲಿನ್ ಕಂಪನಿ ಹೊರತಂದ ಫಿಯೆಸ್ಟಾ ಪಾತ್ರೆಗಳ ಕಿತ್ತಳೆಗೆಂಪು ಗ್ಲೇಜಿನಲ್ಲಿ ಯುರೇನಿಯಂ ಇತ್ತು. ಯುದ್ಧಕ್ಕಾಗಿ ಯುರೇನಿಯಂ ಬೇಕಾದ್ದರಿಂದ 1943ರಲ್ಲಿ ಅದು ನಿಂತು, 1959ರಲ್ಲಿ ಮತ್ತೆ ಬಂದು, 1972ರವರೆಗೆ ನಡೆಯಿತು. ಕಪಾಟಿನಲ್ಲಿ ಇಟ್ಟುಕೊಳ್ಳಲು ಚೆಂದದ ಬಣ್ಣ, ಊಟಕ್ಕೆ ಮಾತ್ರ ಬೇಡ.

ನೀಲಿಬಟ್ಟಲು:
ಎಲ್ಲರ ಉತ್ತರಗಳನ್ನೂ ಇಟ್ಟುಕೊಂಡು ಬಟ್ಟಲನ್ನು ಮತ್ತೆ ನೋಡಿ ಬಂದೆ. ತಳದ ಉಂಗುರ ನುಣುಪಾಗಿದೆ, ಸವೆತ ಸಹಜವಾಗಿ ಕಾಣುತ್ತದೆ, ಹಸಿರಿನೊಳಗಿಂದ ಕೆಳಗಿನ ರೇಖೆ ಕಾಣುತ್ತದೆ. ನೇರಳಾತೀತ ಬೆಳಕಿನಲ್ಲಿ ಬಾಯಿಯ ಅಂಚಿನ ಒಂದು ಕಡೆ ಬೆರಳುಗುರಿನಷ್ಟು ಜಾಗ ಬೇರೆಯಾಗಿ ಹೊಳೆಯಿತು. ಅಲ್ಲಿ ಚಿನ್ನವೂ ಹೊಸದಾಗಿ ಬಳಿದದ್ದು. ಗುಲಾಬಿ ಬಣ್ಣದ ವಿಷಯವನ್ನು ಹೇಳಿದಾಗ ಮಾರುವವರು ಮೊದಲು ವಾದಿಸಿದರೂ, ಕೊನೆಗೆ ಹತ್ತೊಂಬತ್ತನೆಯ ಶತಮಾನದ್ದೆಂದು ಬರೆದುಕೊಡಲು ಒಪ್ಪಿದ್ದಾರೆ.

ಕೋಬಾಲ್ಟ್ ಗೆರೆ:
ರಸೀದಿಯಲ್ಲೇ ಅದನ್ನು ಬರೆಸಿಕೊಳ್ಳಿ: ಕಾಲ, ಮುದ್ರೆ, ದುರಸ್ತಿಯ ಜಾಗ, ಮೂರನ್ನೂ. ಯಾರಿಂದ ಬಂತು, ಯಾವ ಹರಾಜಿನಲ್ಲಿತ್ತು ಎಂಬ ಹಿಂದಿನ ಕಾಗದಗಳಿದ್ದರೆ ಅವನ್ನೂ ಕೇಳಿ ಪಡೆಯಿರಿ. ಪಾತ್ರೆಯ ಹಿನ್ನೆಲೆ ಎಷ್ಟು ಮುಖ್ಯವೆಂಬುದನ್ನು ಮುಳುಗಿದ ಹಡಗುಗಳ ಪಿಂಗಾಣಿಯಿಂದ ಕಲಿಯಬಹುದು. 1752ರಲ್ಲಿ ಮುಳುಗಿದ ಡಚ್ಚರ ಗೆಲ್ಡರ್‌ಮಾಲ್ಸೆನ್ ಹಡಗಿನ ಸರಕು 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾಗಿ ಜಗತ್ತಿನಾದ್ಯಂತ ಚದುರಿತು. ನೆಲೆಯನ್ನು ಸರಿಯಾಗಿ ದಾಖಲಿಸದೆ ಎತ್ತಿದರೆಂದು ಪುರಾತತ್ತ್ವಜ್ಞರು ಕಟುವಾಗಿ ಆಕ್ಷೇಪಿಸಿದರು. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ಬಳಿ ಸಿಕ್ಕ ಒಂಬತ್ತನೆಯ ಶತಮಾನದ ಹಡಗಿನ ಸುಮಾರು 60,000 ವಸ್ತುಗಳ ಬಹುಭಾಗ ಒಟ್ಟಿಗೇ ಉಳಿದು ಸಿಂಗಪುರ ಸೇರಿತು. ಅಲ್ಲೂ ಎತ್ತಿದ ರೀತಿಯ ಬಗ್ಗೆ ವಿವಾದವಾಯಿತು. ಆದರೆ ಸರಕು ಒಟ್ಟಿಗಿದ್ದುದರಿಂದ, ಚೀನಾದ ಚಾಂಗ್‌ಶಾ ಬಟ್ಟಲೊಂದರ ಮೇಲೆ ಗೀಚಿದ್ದ 826ಕ್ಕೆ ಸಮನಾದ ದಿನಾಂಕವೊಂದು ಇಡೀ ಹಡಗಿನ ಕಾಲವನ್ನು ಹೇಳಲು ನೆರವಾಯಿತು.

ಹಳೆಹೂಜಿ:
ನೋಡಿ, ಅಲ್ಲೂ ಬರಹವೇ ನೆರವಾದದ್ದು.

ಕೋಬಾಲ್ಟ್ ಗೆರೆ:
ಸಾವಿರಾರು ಬಟ್ಟಲುಗಳ ನಡುವೆ ಅದು ಸಿಕ್ಕಿದ್ದರಿಂದ ನೆರವಾಯಿತು, ಹಳೆಹೂಜಿ ಅವರೇ. ಒಂಟಿಯಾಗಿ ಒಂದು ಅಂಗಡಿಯಲ್ಲಿ ಸಿಕ್ಕಿದ್ದರೆ ನಾವಿಬ್ಬರೂ ಅದನ್ನು ಸಂದೇಹದಿಂದಲೇ ನೋಡುತ್ತಿದ್ದೆವು.

ಸಾಸರ್ ಸಾಲು:
ಕೊನೆಯದಾಗಿ ನನ್ನದೊಂದು ಪ್ರಶ್ನೆ. ತಟ್ಟೆಗಳನ್ನು ಗೋಡೆಗೆ ತೂಗುಹಾಕಲು ಸ್ಪ್ರಿಂಗ್ ಇರುವ ತಂತಿಯ ಹಿಡಿಕೆಗಳನ್ನು ಬಳಸುತ್ತಿದ್ದೇನೆ. ಅದರಿಂದ ತೊಂದರೆಯಿದೆಯೇ?

ಬಿರುಕುಗೆರೆ:
ಇದೆ. ಸ್ಪ್ರಿಂಗ್ ಅಂಚನ್ನು ಸದಾ ಎಳೆಯುತ್ತಿರುತ್ತದೆ, ತಂತಿಯ ಕೊಕ್ಕೆ ಅಂಚಿನ ಚಿನ್ನವನ್ನೂ ಗ್ಲೇಜನ್ನೂ ತಿನ್ನುತ್ತದೆ, ಮೊದಲೇ ಕೂದಲೆಳೆಯ ಬಿರುಕಿದ್ದರೆ ಅದು ಬೆಳೆಯುತ್ತದೆ. ಮುಖ್ಯವಾದ ತಟ್ಟೆಗಳನ್ನು ಇಳಿಸಿ ಕಪಾಟಿನ ನಿಲುವಿನಲ್ಲಿ ಇಡಿ. ಒಂದರ ಮೇಲೊಂದು ಪೇರಿಸುವುದಾದರೆ ಪ್ರತಿ ಎರಡರ ನಡುವೆ ಮೆತ್ತನೆಯ ಬಟ್ಟೆಯಿರಲಿ. ಕೆಳಗಿನ ತಟ್ಟೆಯ ಚಿತ್ರವನ್ನು ಕೆರೆಯುವುದು ಮೇಲಿನ ತಟ್ಟೆಯ ಒರಟಾದ ತಳದ ಉಂಗುರವೇ.